ಷೋಕೇಸಿನಲ್ಲಿ ನಿಂತ ಬಾಣಗಳು

ಬನಶಂಕರಿ ಎರಡನೆಯ ಹಂತದ ನಮ್ಮ ರಸ್ತೆಯಲ್ಲಿ ಈಗ ಹಳೆಯ ಮನೆಗಳಿಗೆ ಆಯುಸ್ಸು ಕಡಿಮೆ. ಮುಂದೊಂದು ತೆಂಗಿನ ಮರ, ಹಿಂದೊಂದು ಒಗೆಯುವ ಕಲ್ಲು, ನಡುವೆ ಮೂರು ಕೋಣೆ, ಇಷ್ಟಿದ್ದ ಮನೆ ಒಂದು ದಿನ ಖಾಲಿಯಾಗುತ್ತದೆ. ಮರುವಾರ ಅದರ ಸುತ್ತ ಹಸಿರು ಪರದೆ ಏಳುತ್ತದೆ. ವರ್ಷ ತುಂಬುವುದರೊಳಗೆ ಅಲ್ಲಿ ನಾಲ್ಕು ಅಂತಸ್ತು. ಹೋದ ವರ್ಷ ಆ ಸರದಿ ನಮ್ಮ ಎದುರು ಮನೆಯ ರಾಯರದಾಯಿತು. ರಾಯರು ತೀರಿಕೊಂಡು ಆರು ತಿಂಗಳಾಗಿತ್ತು. ಸಾಮಾನು ಸಾಗಿಸುವ ದಿನ ಅವರ ಮಗಳು ನನ್ನನ್ನು ಕರೆದು, "ಮೇಷ್ಟ್ರೇ, ಅಪ್ಪನ ಷೋಕೇಸಿನಲ್ಲಿ ನಿಮಗೇನು ಬೇಕೋ ತೆಗೆದುಕೊಳ್ಳಿ. ಅದರ ಮುಂದೆ ಕೂತು ಮಾತಾಡುತ್ತಿದ್ದವರು ನೀವೊಬ್ಬರೇ" ಎಂದರು.

ಆ ಷೋಕೇಸಿನಲ್ಲಿದ್ದುದು ಬೆಳ್ಳಿ ಲೋಟವಲ್ಲ, ಮೈಸೂರು ದಸರಾ ಬೊಂಬೆಯಲ್ಲ, ರಾಕೆಟ್ಟುಗಳು. ಗೇಣುದ್ದದವು, ಮೊಳದುದ್ದದವು, ಬಿಳಿ ಬಣ್ಣ ಬಳಿದವು, ಕಪ್ಪು ಪಟ್ಟಿಯವು. ರಾಯರು ಒಂದು ಸರಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಟರ್ನರ್ ಆಗಿದ್ದವರು. ನಿವೃತ್ತರಾದ ಮೇಲೂ ಹಿತ್ತಿಲ ಷೆಡ್ಡಿನಲ್ಲಿ ಒಂದು ಸಣ್ಣ ಲೇತು ಇಟ್ಟುಕೊಂಡಿದ್ದರು. ಕನ್ನಡ ಪಾಠ ಹೇಳಿಕೊಂಡಿರುವ ನನಗೆ ಲೋಹದ ಸಂಗತಿ ಏನು ತಿಳಿಯಬೇಕು? ತಿಳಿದಷ್ಟೂ ಅವರಿಂದ ತಿಳಿದದ್ದು.

ಈ ಬಗೆಯ ಮಾದರಿಗಳಿಗೆ ಅಂಗಡಿಯವರು 'ಡೈಕಾಸ್ಟ್' ಎಂದು ಹೆಸರಿಟ್ಟಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಚ್ಚಿನ ಎರಕ. ಉಕ್ಕಿನಲ್ಲಿ ಎರಡು ಹೋಳಿನ ಅಚ್ಚು ಕೊರೆಯುತ್ತಾರೆ. ಸತುವಿಗೆ ನೂರಕ್ಕೆ ನಾಲ್ಕು ಪಾಲಿನಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ ಬೆರೆಸಿ ಕರಗಿಸುತ್ತಾರೆ. ಈ ಮಿಶ್ರಣ ನಾಲ್ಕುನೂರು ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆ ಕಾವಿನಲ್ಲೇ ನೀರಾಗುತ್ತದೆ. ಅದನ್ನು ಒತ್ತಡದಿಂದ ಅಚ್ಚಿನೊಳಗೆ ನುಗ್ಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗುತ್ತದೆ. ಅಚ್ಚು ಬಿಚ್ಚಿ, ಅಂಚಿನ ಮುಳ್ಳು ಸವರಿ, ಬಣ್ಣ ಹಾಕಿದರೆ ಮುಗಿಯಿತು. ಒಂದೇ ಅಚ್ಚಿನಿಂದ ಸಾವಿರಾರು ಪಡಿಯಚ್ಚು. ಇಂಗ್ಲೆಂಡಿನ ಡಿಂಕಿ ಕಾರುಗಳು 1930ರ ದಶಕದಲ್ಲಿ ಹೀಗೆಯೇ ಹುಟ್ಟಿ ಲೋಕವನ್ನೆಲ್ಲ ಸುತ್ತಿದವು.

ಆ ಕಾಲದ ಗೊಂಬೆಗಳಿಗೆ ಒಂದು ವಿಚಿತ್ರ ರೋಗ ಉಂಟು. ಸತುವಿನ ಕೊಪ್ಪರಿಗೆಗೆ ಸೀಸದ ಚೂರು ಬಿದ್ದರೆ ಸಾಕು, ವರ್ಷಗಳು ಕಳೆದ ಮೇಲೆ ಲೋಹ ತಾನಾಗಿ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಬೆರಳಿನಲ್ಲಿ ಪುಡಿಯಾಗುತ್ತದೆ. ಬಿದ್ದು ಒಡೆದದ್ದಲ್ಲ, ಮಕ್ಕಳು ಎಸೆದದ್ದೂ ಅಲ್ಲ. ಗಾಜಿನ ಹಿಂದೆ ಜೋಪಾನವಾಗಿ ನಿಂತಲ್ಲೇ ಹೋಗುತ್ತದೆ. ಎರಕ ಹೊಯ್ದ ದಿನದ ಅಜಾಗರೂಕತೆ ಮೊಮ್ಮಗನ ಕಾಲಕ್ಕೆ ಬಯಲಾಗುತ್ತದೆ ಎಂದು ರಾಯರು ಹೇಳುತ್ತಿದ್ದರು.

ಕಾರಿನ ಮಾದರಿ ಮಾಡುವವನಿಗೆ ಕಾರು ಬೀದಿಯಲ್ಲೇ ಸಿಗುತ್ತದೆ. ರಾಕೆಟ್ಟಿನ ಮಾದರಿ ಮಾಡುವವನ ಕಷ್ಟ ಬೇರೆ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದದ್ದು ಎಲ್ಲರಿಗೂ ತಿಳಿಯಿತು. ಆದರೆ ಅವನನ್ನು ಹೊತ್ತೊಯ್ದ ವೊಸ್ತೋಕ್ ರಾಕೆಟ್ಟು ಹೇಗಿತ್ತೆಂಬುದನ್ನು ಸೋವಿಯತ್ ಸರಕಾರ ಗುಟ್ಟಾಗಿಟ್ಟಿತು. 1967ರಲ್ಲಿ ಪ್ಯಾರಿಸ್ಸಿನ ವಿಮಾನ ಪ್ರದರ್ಶನದಲ್ಲಿ ಅದನ್ನು ತಂದು ನಿಲ್ಲಿಸುವವರೆಗೆ ಹೊರಗಿನ ಗೊಂಬೆ ತಯಾರಕರೆಲ್ಲ ಊಹೆಯಿಂದಲೇ ಕೆಲಸ ಮಾಡಬೇಕಾಯಿತು. ಇದಕ್ಕೆ ತಿರುಗುಮುರುಗಾದ ನಿದರ್ಶನವೂ ಇದೆ. ಅಮೆರಿಕದ ಸ್ಪೇಸ್ ಷಟಲ್ ಮೊದಲು ಆಕಾಶಕ್ಕೇರಿದ್ದು 1981ರಲ್ಲಿ. ಇಂಗ್ಲೆಂಡಿನ ಕಾರ್ಗಿ ಕಂಪನಿ ಅದರ ಎರಕದ ಗೊಂಬೆಯನ್ನು ಒಂದು ಸಿನಿಮಾದ ನೆಪದಲ್ಲಿ 1979ರಲ್ಲೇ ಮಾರಿಬಿಟ್ಟಿತ್ತು. ಒಂದು ಕಡೆ ರಾಕೆಟ್ಟು ಹಾರಿ ಆರು ವರ್ಷವಾದರೂ ಸರಿಯಾದ ಮಾದರಿಯಿಲ್ಲ. ಇನ್ನೊಂದು ಕಡೆ ನಿಜವಾದ ವಾಹನ ನೆಲ ಬಿಡುವ ಮೊದಲೇ ಹುಡುಗರು ಅದನ್ನು ಜಗಲಿಯ ಮೇಲೆ ಹಾರಿಸುತ್ತಿದ್ದಾರೆ!

ರಾಯರ ಷೋಕೇಸಿನ ಪಟ್ಟದ ಆನೆ ಸ್ಯಾಟರ್ನ್-5. ಚಂದ್ರನಿಗೆ ಮನುಷ್ಯರನ್ನು ಕಳಿಸಿದ ರಾಕೆಟ್ಟು. ಮಗಳು ಅಮೆರಿಕದಿಂದ ತಂದುಕೊಟ್ಟದ್ದು. ನಿಜವಾದದ್ದರ ಎತ್ತರ 110 ಮೀಟರಿಗೂ ಮೇಲು. ಇದು ನಾಲ್ಕುನೂರರಲ್ಲಿ ಒಂದು ಪಾಲು, ಸುಮಾರು 27.6 ಸೆಂಟಿಮೀಟರು. ಮೈಮೇಲಿನ ಕಪ್ಪು ಚೌಕಗಳು ಅಂದಕ್ಕೆ ಬಳಿದವೆಂದು ನಾನು ತಿಳಿದಿದ್ದೆ. ಅಲ್ಲವಂತೆ. ಮೇಲೇರುವಾಗ ರಾಕೆಟ್ಟು ತನ್ನ ಸುತ್ತ ತಾನೇ ಎಷ್ಟು ಹೊರಳಿತೆಂಬುದನ್ನು ನೆಲದ ಮೇಲಿನ ಕ್ಯಾಮೆರಾಗಳು ಆ ಗುರುತಿನಿಂದ ಕಂಡುಹಿಡಿಯುತ್ತಿದ್ದವು.

ಒಂದು ಸಂಜೆ ರಾಯರು ಆ ಸ್ಯಾಟರ್ನನ್ನು ನನ್ನ ಅಂಗೈಯಲ್ಲಿಟ್ಟು, "ಎತ್ತಿ ನೋಡಿ ಮೇಷ್ಟ್ರೇ. ಹೇಗಿದೆ?" ಎಂದರು.

"ಒಳ್ಳೆಯ ತೂಕವಿದೆ ರಾಯರೇ. ಅಸಲು ವಸ್ತುವಿನ ಹಾಗಿದೆ."

"ಇದರಲ್ಲಿ ಸುಳ್ಳು ಅಂತ ಇರುವುದು ಆ ತೂಕ ಒಂದೇ" ಎಂದು ನಕ್ಕರು.

ಆಮೇಲೆ ಒಂದು ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದರು. ಉದ್ದವನ್ನು ನೂರನೆಯ ಒಂದಕ್ಕೆ ಇಳಿಸಿದರೆ ಅಗಲವೂ ದಪ್ಪವೂ ನೂರನೆಯ ಒಂದಾಗುತ್ತವೆ. ಆದ್ದರಿಂದ ತೂಕ ಇಳಿಯಬೇಕಾದದ್ದು ಹತ್ತು ಲಕ್ಷದಲ್ಲಿ ಒಂದಕ್ಕೆ. ನಮ್ಮ ಪಿಎಸ್‌ಎಲ್‌ವಿ 44 ಮೀಟರು ಎತ್ತರ, 320 ಟನ್ನು ಭಾರ. ನೂರನೆಯ ಒಂದರ ಮಾದರಿ 44 ಸೆಂಟಿಮೀಟರು, ತೂಗಬೇಕಾದದ್ದು 320 ಗ್ರಾಂ. ಸ್ಯಾಟರ್ನ್ ಮೂರು ಸಾವಿರ ಟನ್ನಿಗೆ ಹತ್ತಿರ. ನಾಲ್ಕುನೂರರ ಅಳತೆಯಲ್ಲಿ ಅದು ಐವತ್ತು ಗ್ರಾಮನ್ನೂ ಮುಟ್ಟಬಾರದು. ಅದರಲ್ಲೂ ಬಹುಪಾಲು ಇಂಧನ. ಇಂಧನ ಸುಟ್ಟುಹೋದ ಮೇಲೆ ಉಳಿಯುವುದು ಮೊಟ್ಟೆಯ ಚಿಪ್ಪಿನಂಥ ಒಡಲು. ಸಂಗ್ರಹಕಾರರು ಯಾವ ಭಾರವನ್ನು ಕೈಯಲ್ಲಿ ತೂಗಿ ಮೆಚ್ಚಿ ದುಡ್ಡು ಕೊಡುತ್ತಾರೋ, ಆ ಭಾರವನ್ನು ಕಳೆದುಕೊಳ್ಳುವುದಕ್ಕಾಗಿಯೇ ರಾಕೆಟ್ಟಿನ ಎಂಜಿನಿಯರು ತಲೆಕೂದಲು ಉದುರಿಸಿಕೊಂಡಿರುತ್ತಾನೆ.

ಇನ್ನು ನಮ್ಮ ದೇಶದ ರಾಕೆಟ್ಟುಗಳು. ಬೆಂಗಳೂರಿಗೂ ಬಾಹ್ಯಾಕಾಶಕ್ಕೂ ಇರುವ ನಂಟು ಹೊಸದೇನಲ್ಲ. ಉಡುಪಿ ಕಡೆಯ ಯು. ಆರ್. ರಾಯರ ಮುಂದಾಳುತನದಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಪೀಣ್ಯದ ಕಾರ್ಖಾನೆ ಷೆಡ್ಡುಗಳಲ್ಲಿ. ಅದು 1975ರ ಏಪ್ರಿಲ್ 19ರಂದು ರಷ್ಯದ ರಾಕೆಟ್ಟಿನ ಮೇಲೆ ಆಕಾಶಕ್ಕೆ ಹೋಯಿತು. ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಸತೀಶ್ ಧವನ್ 1972ರಲ್ಲಿ ಇಸ್ರೋ ಅಧ್ಯಕ್ಷರಾದರು. ಮಂದಿರದ ಕೆಲಸವನ್ನೂ ಬಿಡಲಿಲ್ಲ. ಹೀಗಾಗಿ ಇಸ್ರೋ ಕೇಂದ್ರ ಕಚೇರಿ ನಮ್ಮ ಊರಿನಲ್ಲಿ ನೆಲೆಯಾಯಿತು. ನಮ್ಮ ಬಡಾವಣೆಯಿಂದ ಕುಮಾರಸ್ವಾಮಿ ಬಡಾವಣೆ ದಾಟಿದರೆ ಇಸ್ರೋ ಲೇಔಟೇ ಇದೆ. ಬಾಹ್ಯಾಕಾಶದವರು ಅಲ್ಲಿ ಮಾವಿನ ಗಿಡ ನೆಟ್ಟುಕೊಂಡು, ಹಾಲಿನ ಬೂತಿನ ಮುಂದೆ ನಮ್ಮಂತೆಯೇ ನಿಂತುಕೊಂಡು ಕಾಲ ಕಳೆಯುತ್ತಾರೆ.

ಸ್ವಂತ ರಾಕೆಟ್ಟು ಮಾತ್ರ ಸುಲಭವಾಗಿ ದಕ್ಕಲಿಲ್ಲ. ಎಸ್‌ಎಲ್‌ವಿ-3 ಎಂಬುದು 22 ಮೀಟರು ಎತ್ತರದ, 17 ಟನ್ನು ತೂಕದ, ನಾಲ್ಕು ಹಂತದ ರಾಕೆಟ್ಟು. ಅದರ ಯೋಜನೆಯ ಹೊಣೆ ಅಬ್ದುಲ್ ಕಲಾಮರದು. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಎದ್ದ ಮೊದಲನೆಯ ಎಸ್‌ಎಲ್‌ವಿ ಎರಡನೆಯ ಹಂತದಲ್ಲಿ ಹಿಡಿತ ತಪ್ಪಿತು. ಆ ಹಂತವನ್ನು ಅತ್ತಿತ್ತ ತಿರುಗಿಸುವ ವ್ಯವಸ್ಥೆಗೆ ಬೇಕಾದ ಆಮ್ಲ ಒಂದು ಕವಾಟ ಕೆಟ್ಟದ್ದರಿಂದ ಮೊದಲೇ ಸೋರಿಹೋಗಿತ್ತು. ಐದು ನಿಮಿಷ ಚಿಲ್ಲರೆಯಲ್ಲಿ ಎಲ್ಲ ಬಂಗಾಳ ಕೊಲ್ಲಿಯ ಪಾಲಾಯಿತು. ಪತ್ರಿಕೆಯವರ ಮುಂದೆ ಕೂತು ಸೋಲನ್ನು ತಮ್ಮ ತಲೆಯ ಮೇಲೆ ಹೊತ್ತವರು ಧವನ್. ಮರುವರ್ಷ, 1980ರ ಜುಲೈ 18ರಂದು, ಎರಡನೆಯದು 35 ಕಿಲೋ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ, ಪತ್ರಿಕೆಯವರೊಡನೆ ಮಾತನಾಡಲು ಅದೇ ಧವನ್ ಕಲಾಮರನ್ನು ಮುಂದೆ ಬಿಟ್ಟರು. ಇದನ್ನು ಕಲಾಮರೇ ಮತ್ತೆ ಮತ್ತೆ ಸ್ಮರಿಸಿಕೊಂಡಿದ್ದಾರೆ.

ಈಗ ಪಿಎಸ್‌ಎಲ್‌ವಿಯ ಮಾದರಿ ಬೇಕೆಂದರೆ ಸಿಗುತ್ತದೆ. ಈಚಿನ ವರ್ಷಗಳಲ್ಲಿ ಇಸ್ರೋ ತನ್ನ ರಾಕೆಟ್ಟುಗಳ ಮಾದರಿ ಮಾಡಿ ಮಾರಲು ಖಾಸಗಿ ತಯಾರಕರಿಗೆ ಒಪ್ಪಿಗೆ ಕೊಟ್ಟಿದೆ. ಚಂದ್ರಯಾನದ ಮಾದರಿ ಹುಡುಗರ ಹುಟ್ಟುಹಬ್ಬದ ಉಡುಗೊರೆಯಾಗಿದೆ. ಸಂತೋಷದ ವಿಷಯ. ಆದರೆ 1980ರಲ್ಲಿ ಅಂಥದು ಅಂಗಡಿಯಲ್ಲಿ ಎಲ್ಲಿ ಬರಬೇಕು? ರಾಯರು ಸಿಟಿ ಮಾರುಕಟ್ಟೆಯಿಂದ ಅಲ್ಯೂಮಿನಿಯಂ ಸಲಾಕೆ ತಂದು, ಪತ್ರಿಕೆಯಲ್ಲಿ ಬಂದ ಚಿತ್ರ ಮುಂದಿಟ್ಟುಕೊಂಡು, ಸ್ನೇಹಿತರೊಬ್ಬರ ವರ್ಕ್‌ಷಾಪಿನ ಲೇತಿನಲ್ಲಿ ಎಸ್‌ಎಲ್‌ವಿಯನ್ನು ತಾವೇ ಕಡೆದರು. ನೂರನೆಯ ಒಂದರ ಅಳತೆ, 22 ಸೆಂಟಿಮೀಟರು. ಒಂದಲ್ಲ, ಎರಡು ಕಡೆದರು. ಷೋಕೇಸಿನಲ್ಲಿ ಒಂದನ್ನು ನಿಲ್ಲಿಸಿದರು. ಇನ್ನೊಂದನ್ನು ಅದರ ಕಾಲ ಬಳಿ ಮಲಗಿಸಿದರು.

ಮಲಗಿದ್ದು ಯಾಕೆಂದು ನಾನು ಕೇಳಿದೆ.

"ಅದು ಎಪ್ಪತ್ತೊಂಬತ್ತರದು" ಎಂದರು. "ಕೆಲಸ ಅದರದೂ ಅಷ್ಟೇ. ತಿರುಪು ಒಂದೂ ಕಡಿಮೆಯಿಲ್ಲ. ಕೊಲ್ಲಿಗೆ ಬಿತ್ತು ಅಂತ ಮನೆಗೆ ಸೇರಿಸದೆ ಇರಲಾಗುತ್ತದೆಯೆ?"

ನನಗೆ ಅಂದು ಹೊಳೆದ ಮಾತು ಇದು. ಲೋಕದಲ್ಲಿ ಮಾರುವ ರಾಕೆಟ್ಟಿನ ಮಾದರಿಗಳೆಲ್ಲ ಗೆದ್ದವುಗಳ ಮಾದರಿಗಳು. ಪಿಎಸ್‌ಎಲ್‌ವಿ ಕೂಡ 1993ರಲ್ಲಿ ಮೊದಲ ಸಲ ಸೋತಿತ್ತು. ಅದರ ಹಿಂದಿನ ಎಎಸ್‌ಎಲ್‌ವಿ 1987ರಲ್ಲಿಯೂ 1988ರಲ್ಲಿಯೂ ಬಿದ್ದಿತ್ತು. ಷೋಕೇಸಿನ ಗಾಜಿನ ಹಿಂದೆ ಅದೆಲ್ಲ ಕಾಣುವುದಿಲ್ಲ. ಅಲ್ಲಿ ಚರಿತ್ರೆ ಎಂದರೆ ಎದ್ದು ನಿಂತವರ ಸಾಲು. ಅಚ್ಚಿನ ಎರಕಕ್ಕೆ ಸೋಲಿನ ಅಚ್ಚು ಯಾರೂ ಕೊರೆಯುವುದಿಲ್ಲ.

ಹಾಗೆಯೇ ಆ ಸಾಲಿನಲ್ಲಿ ಬುಡವೂ ಕಾಣುವುದಿಲ್ಲ. ಚರಿತ್ರೆಯ ರಾಕೆಟ್ಟುಗಳೆಂದು ಹೊರದೇಶದ ತಯಾರಕರು ಹೆಸರಿಸುವ ಪಟ್ಟಿ ಸಾಮಾನ್ಯವಾಗಿ ಜರ್ಮನಿಯಿಂದ ಮೊದಲಾಗಿ, ರಷ್ಯವನ್ನು ಹಾಯ್ದು, ಅಮೆರಿಕದಲ್ಲಿ ಮುಗಿಯುತ್ತದೆ. ಆದರೆ ಕಬ್ಬಿಣದ ಕೊಳವೆಯ ರಾಕೆಟ್ಟು ಯುದ್ಧದಲ್ಲಿ ಹೆಸರು ಮಾಡಿದ್ದು ನಮ್ಮ ಮೈಸೂರು ಸೀಮೆಯಲ್ಲಿ. ಕನ್ನಡಿಗರು ಅದನ್ನು ಕರೆದದ್ದು ಬಾಣವೆಂದು. ಈಗಲೂ ಹಬ್ಬದ ಪಟಾಕಿಗೆ ಬಾಣ ಬಿರುಸು ಎನ್ನುತ್ತೇವಲ್ಲ, ಆ ಬಾಣವೇ ಇದು. ಸಿಟಿ ಮಾರುಕಟ್ಟೆಯ ಬಳಿಯ ತಾರಾಮಂಡಲಪೇಟೆ ಇಂಥ ಬಾಣಗಳು ತಯಾರಾಗುತ್ತಿದ್ದ ಜಾಗವೆಂದು ಹೇಳುತ್ತಾರೆ. ಅಲ್ಯೂಮಿನಿಯಂ ಸಲಾಕೆಗಾಗಿ ರಾಯರು ಅಲೆದದ್ದೂ ಅದರ ಆಸುಪಾಸಿನಲ್ಲಿಯೇ!

ಬಾಣ ಮೊದಲು ಬೇರೆ ಕಡೆ ಇರಲಿಲ್ಲವೆಂದಲ್ಲ. ಕಾಗದದ, ಬಿದಿರಿನ ಕೊಳವೆಯವು ಇದ್ದವು. ಹೈದರನ ಮತ್ತು ಟಿಪ್ಪುವಿನ ಕಾಲದ ಕಮ್ಮಾರರು ಕಬ್ಬಿಣದ ಕೊಳವೆಯಲ್ಲಿ ಮದ್ದು ಜಡಿದರು. ಕಬ್ಬಿಣ ಹೆಚ್ಚು ಒತ್ತಡವನ್ನು ತಡೆಯುತ್ತದೆ. ಒತ್ತಡ ಹೆಚ್ಚಿದಷ್ಟೂ ಬಾಣ ದೂರ ಹೋಗುತ್ತದೆ. ಒಂದು ಕಿಲೋಮೀಟರಿಗೂ ಮಿಕ್ಕು ಹಾರುತ್ತಿತ್ತು. ತುದಿ ಓಲಾಡದಿರಲೆಂದು ಕೊಳವೆಗೆ ಉದ್ದನೆಯ ಬಿದಿರನ್ನೋ ಕತ್ತಿಯ ಅಲಗನ್ನೋ ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಹಾಳಾದ ಕಥೆಯನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಈಗಲೂ ನೋಡಬಹುದು. ನಡುವೆ ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುತ್ತಿದೆ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಬಾಣಗಳ ಸುರಿಮಳೆಗೆ ಸಿಕ್ಕಿ ಹಿಮ್ಮೆಟ್ಟಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್.

ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಬಾಣಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳಿಂದ ಕಲಿತು, ತಿದ್ದಿ ಬೆಳೆಸಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟವು. ಈ ಕಥೆಯನ್ನು ವಿಜ್ಞಾನದ ಕಣ್ಣಿನಿಂದ ಪರಿಶೀಲಿಸಿ 1985ರಲ್ಲಿ ಬರೆದವರು ಬೆಂಗಳೂರಿನ ರೊದ್ದಂ ನರಸಿಂಹ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತ ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ ಅವರು. ಕಲಾಮರೂ 1963ರಲ್ಲಿ ಅಮೆರಿಕದ ವಾಲಪ್ಸ್ ಕೇಂದ್ರಕ್ಕೆ ಹೋದಾಗ, ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ರಾಕೆಟ್ಟು ಹಾರಿಸುವ ಚಿತ್ರ ಕಂಡು ಬೆರಗಾದುದನ್ನು ಬರೆದಿದ್ದಾರೆ. ಸ್ವದೇಶದಲ್ಲಿ ಮರೆತದ್ದು ಪರದೇಶದ ಹಜಾರದಲ್ಲಿ ಕಂಡಿತು.

ಪೂರ್ತಿ ಮರೆತಿದ್ದೆವೆಂದೂ ಹೇಳಲಾರೆ; ನೆಲ ನೆನಪಿಟ್ಟಿತ್ತು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ, ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರನ ಕೈಸೇರಿದ ಊರು. ಅಲ್ಲಿ 2002ರಲ್ಲಿ ನೂರಕ್ಕೂ ಮಿಕ್ಕು ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಬಾಣಗಳೆಂದು ಗುರುತಾಗುವುದಕ್ಕೆ ಕೆಲವು ವರ್ಷಗಳೇ ಬೇಕಾದವು. 2018ರ ಜುಲೈನಲ್ಲಿ ಒಂದು ಪಾಳು ಬಾವಿಯ ಕೆಸರು ತೋಡಿದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಮೇಲೆ ಬಂದವು. ತುಕ್ಕು ಹಿಡಿದಿದ್ದವು, ಆದರೆ ಹಾರಿಸಿದವಲ್ಲ. ಕೆಸರಿಗೆ ಮದ್ದಿನ ವಾಸನೆಯಿತ್ತಂತೆ. ಇನ್ನೂರು ವರ್ಷ ನೀರಿನಲ್ಲಿ ಕೊಳೆತರೂ ಕಬ್ಬಿಣ ತನ್ನ ಆಕಾರ ಬಿಟ್ಟಿರಲಿಲ್ಲ.

ಆ ಸುದ್ದಿಯನ್ನು ರಾಯರು ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡರು. ಲಂಡನ್ನಿನ ವೂಲಿಚ್ಚಿನ ಫಿರಂಗಿ ಸಂಗ್ರಹಾಲಯದಲ್ಲಿದ್ದ ಎರಡು ಮೈಸೂರು ಬಾಣಗಳ ಅಳತೆ ದಾಖಲಾಗಿದೆ. ದೊಡ್ಡದರ ಕೊಳವೆ 58 ಮಿಲಿಮೀಟರು ದಪ್ಪ, 254 ಮಿಲಿಮೀಟರು ಉದ್ದ; ಸಣ್ಣದಕ್ಕೆ ಕಟ್ಟಿದ ಬಿದಿರೇ 1.9 ಮೀಟರು. ನಾನು ಈ ಅಂಕಿಗಳನ್ನು ಬರೆದುಕೊಟ್ಟೆ. ಒಂದು ವಾರ ಹಿತ್ತಿಲಿನಿಂದ ಅರ ಉಜ್ಜುವ ಸದ್ದು ಕೇಳಿಸಿತು. ಆಮೇಲೆ ನನ್ನನ್ನು ಕರೆದರು. ಷೋಕೇಸಿನಲ್ಲಿ ಸ್ಯಾಟರ್ನಿನ ಮಗ್ಗುಲಿಗೆ ಒಂದು ಕಬ್ಬಿಣದ ಕೊಳವೆ ನಿಂತಿತ್ತು. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯ ಬಿಲ್ಲೆಗೆ ಒಂದು ತೂತು. ಸ್ಯಾಟರ್ನಿಗಿಂತ ಎರಡು ಬೆರಳು ಗಿಡ್ಡ. ಎಸ್‌ಎಲ್‌ವಿಗಿಂತ ಎರಡು ಬೆರಳು ಉದ್ದ.

"ಎಷ್ಟರಲ್ಲಿ ಒಂದು ಪಾಲು, ರಾಯರೇ?"

"ಒಂದರಲ್ಲಿ ಒಂದು" ಎಂದರು. "ಇದನ್ನು ಚಿಕ್ಕದು ಮಾಡಬೇಕಾಗಿಲ್ಲ ಮೇಷ್ಟ್ರೇ. ಇದ್ದದ್ದೇ ಇಷ್ಟು."

ಹೌದಲ್ಲ! ನಾಲ್ಕುನೂರು ಪಾಲು ಕುಗ್ಗಿದ ಚಂದ್ರನ ರಾಕೆಟ್ಟೂ, ಕುಗ್ಗದೆ ನಿಂತ ನಮ್ಮ ಬಾಣವೂ ಒಂದೇ ಗೂಡಿನಲ್ಲಿ ಭುಜಕ್ಕೆ ಭುಜ ನಿಂತಿದ್ದವು. ಬಿದಿರು ಮಾತ್ರ ಕಟ್ಟಿರಲಿಲ್ಲ. ಕಟ್ಟಿದ್ದರೆ ಷೋಕೇಸಿನ ಬಾಗಿಲು ಹಾಕುವ ಹಾಗಿರಲಿಲ್ಲ. ಪ್ರತಿ ಆಯುಧಪೂಜೆಗೆ ಲೇತಿಗೂ ವರ್ನಿಯರಿಗೂ ಕುಂಕುಮ ಇಡುವಾಗ ಆ ಕೊಳವೆಗೂ ಇಡುತ್ತಿದ್ದರು. ಉಳಿದ ಮಾದರಿಗಳಿಗೆ ಇಡುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಸಾಮಾನು ಸಾಗಿಸಿದ ದಿನಕ್ಕೆ ಬರಬಹುದು. ನಾನು ಹೋದಾಗ ಷೋಕೇಸು ಖಾಲಿಯಾಗಿತ್ತು. ಸ್ಯಾಟರ್ನ್ ಅದನ್ನು ತಂದ ಮಗಳ ಪೆಟ್ಟಿಗೆಯಲ್ಲಿತ್ತು, ನ್ಯಾಯವೇ. ಪಿಎಸ್‌ಎಲ್‌ವಿಯನ್ನು ಮೊಮ್ಮಗ ಕೈಯಲ್ಲೇ ಹಿಡಿದಿದ್ದ. ಎರಡು ಎಸ್‌ಎಲ್‌ವಿಗಳನ್ನೂ ಕೆಲಸದವರು ಒರೆಸಿ ಮೇಜಿನ ಮೇಲೆ ಜೋಡಿಯಾಗಿ ನಿಲ್ಲಿಸಿದ್ದರು. "ಒಂದು ಬಿದ್ದಿತ್ತು ಸಾರ್, ಎತ್ತಿಟ್ಟೆವು" ಎಂದರು. ಎರಡನ್ನೂ ತಿರುವಿ ತಿರುವಿ ನೋಡಿದೆ. ಒಂದೇ ಸಲಾಕೆ, ಒಂದೇ ಕೈ. ಯಾವುದು 1979ರದು, ಯಾವುದು 1980ರದು ಎಂಬುದನ್ನು ಹೇಳಬಲ್ಲವರು ಈಗ ಇಲ್ಲ.

"ಕಬ್ಬಿಣದ್ದು ಒಂದಿತ್ತಲ್ಲ?" ಎಂದು ಕೇಳಿದೆ.

ರಾಯರ ಮನೆಯಾಕೆ ನೆನಪು ಮಾಡಿಕೊಂಡರು. "ಆ ಪೈಪಿನ ತುಂಡೆ? ನಲ್ಲಿಯ ರಿಪೇರಿಯದಿರಬೇಕು ಅಂತ ಹುಡುಗರು ಗುಜರಿ ಚೀಲಕ್ಕೆ ಹಾಕಿದರಪ್ಪ."

ತಪ್ಪು ಯಾರದು? ಬಿದಿರಿಲ್ಲದ ಬಾಣ ಪೈಪಲ್ಲದೆ ಮತ್ತೇನು? ಅದರ ಮೈಮೇಲೆ ಬಣ್ಣವಿಲ್ಲ, ಹೆಸರಿಲ್ಲ, ಕೆಳಗೊಂದು ಪೀಠವಿಲ್ಲ. ಹೆಸರು ಬರೆದಿಟ್ಟ ಹಿತ್ತಾಳೆಯ ಫಲಕವಿದ್ದ ಸತುವಿನ ಗೊಂಬೆ ಪೆಟ್ಟಿಗೆಗೆ ಹೋಯಿತು. ಅಸಲು ಅಳತೆಯ ಕಬ್ಬಿಣ ಗುಜರಿಗೆ ಹೋಯಿತು. ನಗರದ ಬಾವಿಯ ಕೊಳವೆಗಳೂ ಗುರುತು ಸಿಗದೆ ಕೆಲವು ವರ್ಷ ಕಾದಿದ್ದವಲ್ಲ. ನೋಡಿದವರ ಕಣ್ಣು ಇದಕ್ಕಿಂತ ಬೇರೆಯೇನಿರಲಿಲ್ಲ.

ಗುಜರಿಯವನು ಇನ್ನೂ ಗೇಟಿನ ಹತ್ತಿರ ತಕ್ಕಡಿ ಹಿಡಿದುಕೊಂಡಿದ್ದ. ಚೀಲದೊಳಗೆ ಕೈಯಿಟ್ಟು, ಮುರಿದ ನಲ್ಲಿ, ಬಾಗಿಲ ಕೊಂಡಿ, ಸವೆದ ಅರಗಳ ಕೆಳಗಿನಿಂದ ಕೊಳವೆಯನ್ನು ಎಳೆದೆ. ಹೋದ ಆಯುಧಪೂಜೆಯ ಕುಂಕುಮದ ಕಲೆ ಇನ್ನೂ ಇತ್ತು. ಅವನಿಗೆ ಅದರ ತೂಕದ ದುಡ್ಡು ಕೊಟ್ಟೆ. ಅಷ್ಟು ಕಬ್ಬಿಣಕ್ಕೆ ಅಷ್ಟೇ ಬೆಲೆ ಎಂದು ಅವನು ಚಿಲ್ಲರೆ ವಾಪಸು ಕೊಟ್ಟ, ನ್ಯಾಯವಂತ.

ಮಗಳು ಒಂದು ಎಸ್‌ಎಲ್‌ವಿಯನ್ನು ತಾವಿಟ್ಟುಕೊಂಡು ಇನ್ನೊಂದನ್ನು ನನಗೆ ಕೊಟ್ಟರು. ಈಗ ಅವೆರಡೂ ನನ್ನ ನಿಘಂಟುಗಳ ಪಕ್ಕದಲ್ಲಿವೆ. ಕೊಳವೆಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ, ಕನ್ನಡದಲ್ಲಿ ಒಂದು ಚೀಟಿ ಬರೆದು ಕಟ್ಟಿದ್ದೇನೆ: 'ಮೈಸೂರು ಬಾಣ. ಅಸಲು ಅಳತೆ. ಬಿದಿರು ಕಟ್ಟಿಲ್ಲ.' ಎದುರು ಮನೆಯ ಜಾಗದಲ್ಲಿ ಎರಡನೆಯ ಅಂತಸ್ತು ಏಳುತ್ತಿದೆ. ನನಗೆ ಬಂದ ಎಸ್‌ಎಲ್‌ವಿ ಗೆದ್ದದ್ದೋ ಸೋತದ್ದೋ ಗೊತ್ತಿಲ್ಲದ್ದರಿಂದ ಅದನ್ನು ಮಲಗಿಸಿಯೇ ಇಟ್ಟಿದ್ದೇನೆ. ಮನೆಗೆ ಬಂದವರು ಬಿದ್ದಿದೆಯೆಂದು ಎತ್ತಿ ನಿಲ್ಲಿಸುತ್ತಾರೆ. ಅವರು ಹೋದ ಮೇಲೆ ಮತ್ತೆ ಮಲಗಿಸುತ್ತೇನೆ.